ಖೀಮಾಕ್ಕೆ ಹೆಪ್ಪು ಹಾಕಿದ ಕಥೆ

ಬ್ಯಾಕ್ಟೀರಿಯಾಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಅಗತ್ಯವಿಲ್ಲ. ಧಾರವಾಡದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷಗಳಿಂದ ಅವುಗಳ ಸಹವಾಸದಲ್ಲಿದ್ದೇನೆ. ಪ್ರಾಧ್ಯಾಪಕರು ಅವುಗಳನ್ನು ಬೆಳೆಸುತ್ತಾರೆ, ನಾನು ಬಾಟಲಿ ತೊಳೆಯುತ್ತೇನೆ. ಅನುಭವ ಅನುಭವವೇ!

ಹಳೇ ಹುಬ್ಬಳ್ಳಿಯಲ್ಲಿ, ನಮ್ಮ ಮನೆಯ ಪಕ್ಕದ ಓಣಿಯಲ್ಲೇ, ಮಟನ್ ಅಂಗಡಿ ಇಟ್ಟಿರುವ ನನ್ನ ಮಾವನವರು ಮಾತ್ರ ಇದನ್ನು ಒಪ್ಪುವುದಿಲ್ಲ. ಅವರಿಗೆ ಸಾಸೇಜ್ ಮಾಡುವ ಹುಚ್ಚು. ಉಪ್ಪು ಮಸಾಲೆ ಕಲಸಿದ ಖೀಮಾವನ್ನು ಕುರಿಯ ಕರುಳಿನಲ್ಲಿ ತುಂಬಿ, ಹುಳಿ ಬರಿಸಿ, ವಾರಗಟ್ಟಲೆ ಒಣಗಿಸುವ ಕೆಲಸ ಅದು. ಒಮ್ಮೆ ರುಚಿಯಾಗುತ್ತಿತ್ತು, ಇನ್ನೊಮ್ಮೆ ಓಣಿಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು.

"ಮಾವಾರ, ನೀವು ಹೆಪ್ಪ ಹಾಕದ ಮೊಸರಿನ ದಾರಿ ಕಾಯಾಕತ್ತೀರಿ," ಎಂದೆ. "ಖೀಮಾಕ್ಕೂ ಹೆಪ್ಪು ಸಿಗತೈತ್ರಿ. ಛಲೋ ಬ್ಯಾಕ್ಟೀರಿಯಾ! ಅವು ಹೊಕ್ಕರ ಕೆಟ್ಟವು ಓಡ್ತಾವು. ಪ್ರತಿ ಸಲಾನೂ ಅದ ರುಚಿ, ಅದ ಬಣ್ಣ!"

ಮಾವ ನನ್ನನ್ನು ತಕ್ಕಡಿಯಲ್ಲಿಟ್ಟವರಂತೆ ನೋಡಿ, ಮೂರು ಕಿಲೋ ಖೀಮಾ ಕಟ್ಟಿಕೊಟ್ಟರು.

"ಆಗ್ಲಿ ಅಳಿಯಂದ್ರ. ಛಲೋ ಆದ್ರ ನಮ್ಮ ಅಂಗಡ್ಯಾಗ ತೂಗ ಹಾಕ್ತೇನಿ. ಕೆಟ್ರ, ಬ್ಯಾಕ್ಟೀರಿಯಾದ ಮಾತು ಇನ್ನ ನನ್ನ ಮುಂದ ಎತ್ತಬ್ಯಾಡ್ರಿ."

ಹದಿನೆಂಟು ವರ್ಷಗಳಲ್ಲಿ, ಮಗಳನ್ನು ಬಿಟ್ಟರೆ ಅವರು ನನ್ನನ್ನು ನಂಬಿ ಕೊಟ್ಟಿದ್ದು ಆ ಖೀಮಾ ಒಂದೇ! ಸೋಲುವ ಪ್ರಶ್ನೆಯೇ ಇರಲಿಲ್ಲ.

ಹೆಪ್ಪಿನ ಪುಡಿ ಕೊರಿಯರ್‌ನಲ್ಲಿ ಬಂತು. ಚಿಟಿಕೆ ಪುಡಿಯಲ್ಲಿ ಕೋಟಿಗಟ್ಟಲೆ ಜೀವ. ಅದನ್ನು ಮೊದಲು ನೀರಿನಲ್ಲಿ ಕರಗಿಸಬೇಕು. ನನ್ನ ಹೆಂಡತಿ ಸುನಂದಾ ಬ್ಯಾರಲ್‌ನಿಂದ ಒಂದು ಲೋಟ ನೀರು ತಂದಳು.

"ಇದು ಯಾವಾಗಿನ ನೀರು?"

"ಹೋದ ವಾರ ನಳಾ ಬಂದಾಗ ತುಂಬಿದ್ದು."

"ಹಳಸಿದ ನೀರಾ? ಅಷ್ಟು ದೂರದಿಂದ ಬಂದ ಜೀವಕ್ಕ?"

"ನಾವೂ ಅದನ್ನ ಕುಡಿಯಾಕತ್ತೇವಲ್ರಿ!"

"ನಾವೇನು ಬ್ಯಾಕ್ಟೀರಿಯಾ ಏನು?"

ನಮ್ಮಲ್ಲಿ ನಳ ಬರುವುದು ವಾರಕ್ಕೊಮ್ಮೆ. ಮರುದಿನವೇ ಅದರ ಸರದಿ. ಖೀಮಾವನ್ನು ಫ್ರಿಜ್ಜಿನಲ್ಲಿಟ್ಟು, ಪಟ್ಟು ಹಿಡಿದು ಕಾದೆ. ಬೆಳಗ್ಗೆ ಮೊದಲ ಧಾರೆಯನ್ನೇ ಹಿಡಿದೆ. ಆಹಾ, ಮೂಗಿಗೆ ಅಡರುವ ಬ್ಲೀಚಿಂಗ್ ಪೌಡರಿನ ವಾಸನೆ!

"ನೋಡು, ಎಷ್ಟು ಸ್ವಚ್ಛ ಐತಿ!" ಎಂದೆ.

ಪುಡಿ ಕರಗಿಸಿ, ಅರ್ಧ ಗಂಟೆ ಬಿಟ್ಟು ಖೀಮಾಕ್ಕೆ ಕಲಸಿ, ಕರುಳಿಗೆ ತುಂಬಿದೆ. ಮನೆಯಲ್ಲಿ ತಂಪೂ ತೇವವೂ ಇದ್ದ ಜಾಗ ಬಚ್ಚಲು. ಅಲ್ಲೇ ಹಗ್ಗ ಕಟ್ಟಿ ತೂಗುಹಾಕಿದೆ. ಮುಂದಿನ ಆದೇಶದವರೆಗೆ ಸಮಸ್ತ ಕುಟುಂಬವು ತಣ್ಣೀರಿನಲ್ಲಿ, ಬಗ್ಗಿಕೊಂಡು ಸ್ನಾನ ಮಾಡತಕ್ಕದ್ದು ಎಂದು ಘೋಷಿಸಿದೆ. ಕುಟುಂಬವೆಂದರೆ ಸುನಂದಾ. ಅವಳು ತವರಿನಲ್ಲಿ ಸ್ನಾನ ಮಾಡಿ ಬರತೊಡಗಿದಳು.

ಕಾಲೇಜಿನಲ್ಲಿ ಕೇಳಿ ತಂದ, ಹುಳಿ ತೋರಿಸುವ ಕಾಗದದ ಪಟ್ಟಿಯಿಂದ ದಿನಕ್ಕೆ ಮೂರು ಸಲ ಪರೀಕ್ಷಿಸಿದೆ. ಬಣ್ಣ ಬದಲಾಗಲಿಲ್ಲ.

"ಪ್ರಯಾಣ ಮಾಡಿ ದಣದಾವು. ಏಳ್ತಾವ ತಡಿ," ಎಂದೆ.

ಮೂರನೆಯ ದಿನ ವಾಸನೆ ಎದ್ದಿತು. ಸುನಂದಾ ಕಿಟಕಿ ತೆರೆದಳು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ನಾನು ಧೈರ್ಯಗೆಡಲಿಲ್ಲ!

ನಾಲ್ಕನೆಯ ದಿನ, ಹುಳಿ ಬಂದಿದೆಯೇ ನೋಡಲು ಮಾವನೇ ಬಂದರು. ಬಚ್ಚಲಿನ ಬಾಗಿಲಲ್ಲೇ ನಿಂತು ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಹಿಡಿದರು.

"ಯಾವ ನೀರು ಹಾಕೀರಿ?"

"ತಾಜಾ ನಳದ್ದ್ರಿ. ಔಷಧ ವಾಸನಿ ಬರ್ತಿತ್ತು, ಅಷ್ಟು ಶುದ್ಧ!"

ಸುನಂದಾ ಪುಡಿಯ ಪೊಟ್ಟಣ ಹುಡುಕಿ ತಂದು ಓದಿದಳು. ಕ್ಲೋರಿನ್ ಇರುವ ನೀರು ಸೋಕಿಸಬಾರದು ಎಂದು ಬರೆದಿತ್ತು.

"ಬ್ಯಾರಲ್ ನೀರು ನಿಂತು ನಿಂತು ಆ ವಾಸನಿ ಹೋಗಿತ್ತಲ್ರಿ!" ಎಂದಳು.

ಬ್ಯಾಕ್ಟೀರಿಯಾ ಸಾಯಲೆಂದು ಪ್ರಯೋಗಾಲಯದ ನೆಲವನ್ನು ದಿನಾಲೂ ಬ್ಲೀಚಿಂಗ್ ಪೌಡರ್ ಹಾಕಿ ಒರೆಸುವವನು ನಾನೇ!

ಮಾವ ಎರಡೂ ಕೈ ಜೋಡಿಸಿದರು.

"ಅಳಿಯಂದ್ರ, ನಲವತ್ತ ವರ್ಷದಿಂದ ಕುರಿ ಕಡಿಯಾಕತ್ತೇನಿ. ಒಂದ ಲೋಟದಾಗ ಕೋಟಿ ಜೀವಾ ತಗದವರು ನೀವ. ನಿಮ್ಮ ಮುಂದ ನಾನೇನ್ರಿ!"

ಹಿತ್ತಲಲ್ಲಿ ಆಳವಾದ ಗುಂಡಿ ತೋಡಿ ಅಷ್ಟನ್ನೂ ಹೂತೆ. ನನಗೆ ನಿಜಕ್ಕೂ ಅಳು ಬರುವಂತಾಗಿತ್ತು. ಸುನಂದಾ ಕೈ ತೊಳೆಯಲು ಒಂದು ತಂಬಿಗೆ ನೀರು ಕೊಟ್ಟಳು.

"ಬ್ಲೀಚಿಂಗ್ ಪೌಡರ್ ಹಾಕಿ ತಂದೇನ್ರಿ. ಈ ಸಲಾ ಅವು ಸತ್ರ ನಡೀತೈತಿ."

ತಿಕ್ಕಿ ತಿಕ್ಕಿ ತೊಳೆದುಕೊಂಡೆ. ತೊಳೆಯುವುದರಲ್ಲಿ ಮಾತ್ರ ನನಗೆ ಯಾರೂ ಪಾಠ ಹೇಳುವ ಅಗತ್ಯವಿಲ್ಲ!