ರಾವಂದೂರಿನ ಮೋಡೆಮ್ ಮತ್ತು ಬೀಗರೂಟ

ಹಳೆಯದನ್ನು ಹೊಸದಕ್ಕೆ ಕಟ್ಟುವ ಕಡೆಯಲ್ಲೆಲ್ಲ ಇಂಥ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ನೀರಿನ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಸಂಬಳ ಬರುವುದು ಅದಕ್ಕೇ.

ರಾವಂದೂರಿನ ಕುಡಿಯುವ ನೀರಿನ ಪಂಪ್‌ಹೌಸಿನಲ್ಲಿ ಒಂದು ಹಳೇ ಮೋಡೆಮ್ ಇದೆ. ಟ್ಯಾಂಕ್ ತುಂಬಿದರೆ ಅದು ಹುಣಸೂರಿನ ನಮ್ಮ ಆಫೀಸಿಗೆ ಫೋನ್ ಮಾಡುತ್ತದೆ. ಇಲ್ಲಿನ ಮೋಡೆಮ್ ಎತ್ತಿಕೊಂಡು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರ್ ಅಲ್ಲಿನ ಮೋಟಾರು ನಿಲ್ಲಿಸುತ್ತದೆ. ಆದರೆ ಕಂಪ್ಯೂಟರ್ ಆಗಾಗ ಸಾಯುತ್ತಿದ್ದುದರಿಂದ ಅಲ್ಲಿನ ಪಂಪ್ ಆಪರೇಟರ್ ಊರು ಬಿಟ್ಟು ಕದಲುವಂತಿರಲಿಲ್ಲ. ಟ್ಯಾಂಕ್ ತುಂಬಿ ಹರಿದರೆ ನೀರು ಪಕ್ಕದವರ ಹೊಗೆಸೊಪ್ಪಿನ ಸಸಿಮಡಿಗೆ, ಬೈಗುಳ ಇವರಿಗೆ.

"ಮಗಳ ಬೀಗರೂಟ ಕೋಟೆ ತಾಲೂಕ್ ಕಡೆ ಕಣ್ ಸಾರ್. ನಾನೇ ಓಗ್ದಿದ್ರೆ ಬೀಗ್ರು ಏನಂದಾರು? ಅಷ್ಟೊತ್ಗೆ ನಿಮ್ ಕಂಪ್ಯೂಟ್ರು ರೆಡಿ ಆಯ್ತದಾ?" ಎಂದು ಆಪರೇಟರ್ ಕೇಳಿದರು.

ಆಗುತ್ತದೆ ಎಂದೆ. ಓದಿದವರು ಹಾಗೆ ಹೇಳುವುದು ರೂಢಿ.

೧. ಹಾರುವ ಸರ್ವರ್

ನಮ್ಮ ಆಫೀಸಿನ ಸಾಹೇಬರು ಎರಡು ಹೊಸ ಮಷೀನು ತರಿಸಿದರು. ಸರ್ವರ್ ಎಂಬುದು ಈಗ ಪೆಟ್ಟಿಗೆಯಲ್ಲ, ಬರೀ ಸಾಫ್ಟ್‌ವೇರ್. ಒಂದು ಮಷೀನು ಕೆಟ್ಟರೆ ತಾನೇ ಇನ್ನೊಂದಕ್ಕೆ ಹಾರುತ್ತದೆ. ಇದರ ಹೆಸರು ಫೇಲೋವರ್.

ಸಾಹೇಬರ ಎದುರು ಮೊದಲನೆಯದರ ಪ್ಲಗ್ ಕಿತ್ತೆ. ಸರ್ವರ್ ಹಾರಿತು. ಮೋಡೆಮ್ ಹಾರಲಿಲ್ಲ, ಅದರ ಸೀರಿಯಲ್ ಕೇಬಲ್ ಸತ್ತ ಮಷೀನಿನ ಬೆನ್ನಿಗೇ ಅಂಟಿಕೊಂಡಿತ್ತು. ನಮ್ಮ ಅಟೆಂಡರ್ ಸದ್ದಿಲ್ಲದೆ ಹಿಂದೆ ಹೋಗಿ, ಕೇಬಲ್ ಕಿತ್ತು ಎರಡನೆಯದಕ್ಕೆ ಚುಚ್ಚಿದರು.

ಸಾಹೇಬರಿಗೆ ಪೂರ್ಣ ತೃಪ್ತಿ. "ಸರಿಯಾಯ್ತಲ್ಲ ಬಿಡ್ರೀ. ಸರ್ವರ್ ಹಾರಿದಾಗಲೆಲ್ಲ ಇವರೂ ಹಾರಲಿ."

೨. ಕಾಯುವ ಕೆಲಸ

ಕೊನೆಗೆ ಆ ಕೇಬಲನ್ನು ನೆಟ್‌ವರ್ಕಿಗೆ ಸೇರಿಸುವ ಅಂಗೈಯಗಲದ ಡಬ್ಬಿ ತರಿಸಿದೆ. ಇನ್ನು ಸರ್ವರ್ ಎಲ್ಲಿಗೆ ಹಾರಿದರೂ ಮೋಡೆಮ್ ಸಿಗುತ್ತದೆ. ಪರೀಕ್ಷೆಯೂ ಆಯಿತು. ಅಟೆಂಡರಿಗೆ ಮಾತ್ರ ಸಮಾಧಾನವಿಲ್ಲ. ಅವರು ಮೊದಲು ಭೇರ್ಯದಲ್ಲಿ ಪಂಪ್ ನೋಡಿಕೊಳ್ಳುತ್ತಿದ್ದವರು. ಎರಡನೇ ಮಷೀನು ಏನು ಮಾಡುತ್ತದೆ ಎಂದು ಕೇಳಿದರು. ಮೊದಲನೆಯದು ಸಾಯುವುದನ್ನು ಎದ್ದು ಕೂತು ಕಾಯುತ್ತದೆ ಎಂದೆ.

ಅವರು ಎರಡನೆಯದರ ಕಡೆ ನೋಡಿ ತಲೆಯಾಡಿಸಿದರು. "ನಮ್ ಚಿಕ್ಕಪ್ಪನೂ ತಾತನ ಆಸ್ತಿಗೆ ಅಂಗೇ ಕಾದ್ರು ಸಾರ್. ಮೊದ್ಲು ಓಗಿದ್ದು ಅವರೇಯ."

೩. ಬೀಗರೂಟ

ರಾವಂದೂರಿನ ಆಪರೇಟರ್ ಹೊರಡುವ ಮುನ್ನ ಒಂದು ಹಟ ಹಿಡಿದರು: ಹುಣಸೂರು ಎತ್ತದಿದ್ದರೆ ಮೋಡೆಮ್ ತಮ್ಮ ಮೊಬೈಲಿಗೆ ಫೋನ್ ಮಾಡಬೇಕು. ಅನಗತ್ಯ ಎಂದೆ. ಆದರೂ ನಂಬರ್ ಹಾಕಿಕೊಟ್ಟೆ. ಪಂಚೆ ಉಟ್ಟು ಬೆಳಗಿನ ಬಸ್ಸಿಗೇ ಹೊರಟರು.

ಮಧ್ಯಾಹ್ನ ಮೊದಲನೇ ಮಷೀನು ಸತ್ತಿತು. ಎರಡನೆಯದು ಏಳಲಿಲ್ಲ. ಅತ್ತ ಬೀಗರ ಮನೆಯಲ್ಲಿ ಎಲೆಗೆ ಮುದ್ದೆ, ಮಾಂಸದ ಸಾರು ಬೀಳುತ್ತಿದ್ದಂತೆ ಇವರ ಮೊಬೈಲು ಬಡಿದುಕೊಂಡಿತು. ಬಲಗೈ ಮುದ್ದೆಯಲ್ಲಿತ್ತು. ಪಕ್ಕದಲ್ಲಿದ್ದ ಬೀಗರೇ ಎತ್ತಿ ಸ್ಪೀಕರಿಗೆ ಹಾಕಿದರು. ಬಿಟ್ಟು ಬಿಟ್ಟು "ಕುಂಯ್... ಕುಂಯ್..." ಎಂದು ಮೋಡೆಮಿನ ಸದ್ದು. ಪಂಕ್ತಿಯೆಲ್ಲ ಉಣ್ಣುವುದನ್ನು ನಿಲ್ಲಿಸಿತು. ಆಪರೇಟರ್ ಎಡಗೈಯಲ್ಲಿ ನನಗೆ ಫೋನ್ ಮಾಡಿ, "ನಿಮ್ ಮಷೀನು ಎರಡೂ ಓಗವೆ ಸಾರ್," ಎಂದರು.

ಓಡಿಹೋಗಿ ನೋಡಿದರೆ ಎರಡನೆಯದರ ಸ್ವಿಚ್ಚೇ ಆರಿಸಿದೆ. ಆರಿಸಿದ್ದ ಅಟೆಂಡರ್ ಶಾಂತವಾಗಿ ವಿವರಿಸಿದರು: ಪಂಪ್‌ಹೌಸಿನಲ್ಲಿ ಎರಡು ಮೋಟಾರಿದ್ದರೆ ಒಂದು ದಿನ ಒಂದು ಓಡಬೇಕು, ಇನ್ನೊಂದು ಮಲಗಬೇಕು, ಇಲ್ಲದಿದ್ದರೆ ಕಾಯಿಲ್ ಸುಟ್ಟುಹೋಗುತ್ತದೆ. "ಅದರ ಸರದಿ ನಾಳೆ ಸಾರ್."

ಸ್ವಿಚ್ ಹಾಕಿದೆ. ಮೋಡೆಮಿನ ಮುಂದಿನ ಕರೆಗೆ ಅದು ಓಗೊಟ್ಟಿತು, ಮೋಟಾರು ನಿಂತಿತು, ಸಸಿಮಡಿ ಉಳಿಯಿತು.

ಬೀಗರೂಟ ಕೆಟ್ಟಿತೇನೋ ಎಂದು ಮರುದಿನ ಆಪರೇಟರನ್ನು ವಿಚಾರಿಸಿದೆ. ಕೆಡುವುದೇ? ಬೀಗರು ಎದ್ದು ನಿಂತು ಪಂಕ್ತಿಗೆಲ್ಲ ಸಾರಿದರಂತೆ: "ನಮ್ ಬೀಗ್ರು ಒಂದಿನ ಬುಟ್ ಬಂದಿದ್ಕೆ ಆಫೀಸೇ ಅಳ್ತಾ ಫೋನ್ ಮಾಡ್ತಾದೆ ಕಣ್ರಪ್ಪ. ಇವರ್ಗೆ ಇನ್ನೆರಡು ತುಂಡು ಆಕ್ರಿ."

ಇಷ್ಟು ಹೇಳಿ ಆಪರೇಟರ್ ದನಿ ತಗ್ಗಿಸಿದರು. "ಮುಂದಿನ್ ತಿಂಗ್ಳು ಹಬ್ಬಕ್ಕೂ ಕರ್ದವ್ರೆ ಸಾರ್. ಅವತ್ತೊಂದಿನ ನಿಮ್ ಮಷೀನು ಎರಡೂ ಮಲಗಿರ್ಲಿ ಬುಡಿ."