ಮಂಗಳಕ್ಕನ ಗಾಡಿಗೆ ದಾರಿ ಬುಡಿ

ರಸ್ತೆ ಇರುವುದು ನಡೆಯುವುದಕ್ಕೆ ಎಂಬ ಸಂಗತಿ ನನಗೆ ಗೊತ್ತಾದದ್ದು ನನ್ನ ಹೆಂಡತಿ ನಡೆಯುವುದನ್ನು ನಿಲ್ಲಿಸಿದ ಮೇಲೆ. ಅಲ್ಲಿಯವರೆಗೆ ನಾನೂ ತುರುವೇಕೆರೆಯ ಉಳಿದೆಲ್ಲ ಸಭ್ಯ ಗೃಹಸ್ಥರಂತೆ, ರಸ್ತೆಯೆಂದರೆ ನಮ್ಮ ಮನೆಯದೇ ಹೊರಗಿನ ಕೋಣೆ, ಅದಕ್ಕೆ ಸೂರು ಹಾಕಿಸುವುದೊಂದು ಬಾಕಿ ಎಂದೇ ತಿಳಿದಿದ್ದೆ. ನಮ್ಮ ಬೀದಿಯಲ್ಲಿ ರಸ್ತೆಯ ಮೇಲೆ ಏನಿಲ್ಲ ಹೇಳಿ? ಬೆಳಿಗ್ಗೆ ರಂಗೋಲಿ, ಮಧ್ಯಾಹ್ನ ಒಣಹಾಕಿದ ರಾಗಿ, ಸಂಜೆ ಕಟ್ಟಿಹಾಕಿದ ಎಮ್ಮೆ, ಒಬ್ಬರ ಮನೆ ನಾಮಕರಣದ ಶಾಮಿಯಾನ, ಇನ್ನೊಬ್ಬರು ಎಂದೋ ಕಟ್ಟಲಿರುವ ಮನೆಯ ಮರಳು. ಯಾರಾದರೂ ಹಳೆ ಮನೆ ಕೆಡವಿ ಹೊಸ ಮನೆ ಕಟ್ಟಿದರೆ ಮೆಟ್ಟಿಲು ಒಂದು ಗೇಣು ಮುಂದೆ ಬರುತ್ತದೆ. ಎದುರು ಮನೆಯವರೇನು ಕಡಿಮೆ, ಅವರದೂ ಬರುತ್ತದೆ. ಕಾಲು ಗಟ್ಟಿಯಿದ್ದವನು ಇದನ್ನೆಲ್ಲ ದಾಟುತ್ತಾನೆ, ಬಳಸುತ್ತಾನೆ, ಹಾರುತ್ತಾನೆ, ನಡುರಸ್ತೆಯಲ್ಲಿ ನಿಂತು ಬೀಗರ ಯೋಗಕ್ಷೇಮವನ್ನೂ ಮಾತಾಡಿ ಮುಗಿಸುತ್ತಾನೆ. ಹಾಗಾಗಿ ಇದೊಂದು ತೊಂದರೆ ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ನನ್ನ ಹೆಂಡತಿಯ ಹೆಸರು ಮಂಗಳ. ಬೀದಿಗೆಲ್ಲ ಮಂಗಳಕ್ಕ. ಬೆನ್ನಿನ ನರದ ತೊಂದರೆಯಿಂದ ಆಕೆಯ ಕಾಲಿನ ಶಕ್ತಿ ಮೆಲ್ಲಮೆಲ್ಲಗೆ ಹೋಯಿತು. ಮನೆಯೊಳಗೆ ಗೋಡೆ ಹಿಡಿದುಕೊಂಡು ಹೇಗೋ ಓಡಾಡುತ್ತಾಳೆ. ಹೊಸಿಲು ದಾಟಿದ ಮೇಲೆ ಆಗುವುದಿಲ್ಲ. ಎರಡು ವರ್ಷ ಆಕೆ ಕಿಟಕಿಯ ಪಕ್ಕದಲ್ಲೇ ಕೂತಳು. ಆಕೆಗೆ ಯಾತ್ರೆ ಬೇಡ, ಸಿನಿಮಾ ಬೇಡ. ಒಡವೆ ಬೇಕು, ಆದರೆ ಕಾಯಬಲ್ಲಳು. ಬಿಟ್ಟಿರಲಾರದ್ದು ಒಂದೇ, ವಾರದ ಸಂತೆ. ಸಂತೆಯೆಂದರೆ ಆಕೆಗೆ ಬರೀ ತರಕಾರಿಯಲ್ಲ. ದಂಡಿನಶಿವರದ ಕಡೆಯಿಂದ ಬರುವ ತರಕಾರಿ ಗಿರಿಜಮ್ಮನ ಮಗಳಿಗೆ ಹೆರಿಗೆಯಾಯಿತೇ, ವೀಳ್ಯದೆಲೆ ಮುದುಕನ ಕೆಮ್ಮು ನಿಂತಿತೇ, ಅವರೆಕಾಯಿಗೆ ಸೊಗಡು ಬಂತೇ, ಇದನ್ನೆಲ್ಲ ಖುದ್ದಾಗಿ ವಿಚಾರಿಸದಿದ್ದರೆ ಉಂಡ ಮುದ್ದೆ ಅರಗದ ಹೆಂಗಸು ಅವಳು. ತಾನೇ ಹೋಗಬೇಕು, ತಾನೇ ಮುಟ್ಟಿ ಆರಿಸಬೇಕು. ಅದು ಹೋದ ಮೇಲೆ ಆಕೆಯ ಮಾತೂ ಕಡಿಮೆಯಾಯಿತು. ನಮ್ಮ ಮನೆಯಲ್ಲಿ ಮಾತು ಕಡಿಮೆಯಾದರೆ ಹೆದರಬೇಕಾದವನು ನಾನೇ.

ಆ ಎರಡು ವರ್ಷ ಸಂತೆಗೆ ಹೋಗುತ್ತಿದ್ದವನು ನಾನು. ನಾನು ಪಾತ್ರೆ ಅಂಗಡಿಯವನು. ಕೊಳಗವನ್ನು ಬೆರಳಲ್ಲಿ ತಟ್ಟಿ, ಬರುವ ಸದ್ದಿನಲ್ಲೇ ಬಿರುಕಿದೆಯೋ ಇಲ್ಲವೋ ಹೇಳಬಲ್ಲೆ. ಅದೇ ವಿದ್ಯೆಯನ್ನು ನಂಬಿ ಬದನೆಕಾಯಿಯನ್ನೂ ತಟ್ಟಿ ನೋಡಿ ತರುತ್ತಿದ್ದೆ. ಮನೆಗೆ ಬಂದು ಹೆಚ್ಚಿದರೆ ಒಳಗೆ ಹುಳುಗಳು ಸಂಸಾರ ಹೂಡಿರುತ್ತಿದ್ದವು. ಹುರುಳಿಕಾಯಿ ತಂದರೆ ಹಗ್ಗಕ್ಕೆ ಆಗುತ್ತಿತ್ತು, ಪಲ್ಯಕ್ಕೆ ಆಗುತ್ತಿರಲಿಲ್ಲ. ಮಂಗಳ ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಚೀಲ ಬಿಚ್ಚಿ ಒಂದೊಂದನ್ನೇ ತಿರುಗಿಸಿ ನೋಡಿ, “ಹೋಗ್ಲಿ ಬುಡಿ, ನಿಮಗೇನ್ ಗೊತ್ತಾಗ್ತದೆ” ಎಂದು ಕಿಟಕಿಯ ಕಡೆ ತಿರುಗುತ್ತಿದ್ದಳು.

ಹೀಗಿರುವಾಗ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ಬಾಮೈದ ನಂಜುಂಡ ಒಂದು ಬೆಳಿಗ್ಗೆ ಲಗೇಜ್ ಆಟೋದಲ್ಲಿ ಕೊಬ್ಬರಿ ಚೀಲದ ಬದಲು ಒಂದು ಗಾಡಿ ತಂದು ಇಳಿಸಿದ. ನಾಲ್ಕು ಚಕ್ರ, ಮೇಲೊಂದು ಕುರ್ಚಿ, ಮುಂದೆ ಸ್ಕೂಟರಿನ ಹಿಡಿಕೆ, ಒಂದು ಬುಟ್ಟಿ, ಅಡಿಯಲ್ಲಿ ಬ್ಯಾಟರಿ. ನಡೆಯಲಾಗದವರು ಕೂತು ತಾವೇ ನಡೆಸಿಕೊಂಡು ಹೋಗುವ ಗಾಡಿ. “ಅಕ್ಕ, ಇನ್ಮೇಲೆ ನೀನು ಯಾರ್ ಕೈನೂ ಕಾಯಂಗಿಲ್ಲ” ಎಂದ. ಮಂಗಳ ಆ ಬುಟ್ಟಿಯನ್ನು ಸವರಿ, ಎಷ್ಟು ತರಕಾರಿ ಹಿಡಿಯುತ್ತದೆ ಎಂದು ಕೈಯಳತೆ ಹಾಕಿದಳು. ನಮ್ಮ ಸೀಮೆಯಲ್ಲಿ ಹೊಸ ಗಾಡಿ ಬಂತೆಂದರೆ ಕಾಯಿ ಒಡೆಯದೆ ಬಿಡುವುದುಂಟೇ? ಬೀದಿಯವರೆಲ್ಲ ತಲಾ ಒಂದೊಂದು ಈಡುಗಾಯಿ ಹಾಕಿದರು. ತೆಂಗಿನ ವಿಷಯದಲ್ಲಿ ನಾವು ಜಿಪುಣರಲ್ಲ. ಚಿಪ್ಪಿನ ಚೂರು ಗುಡಿಸುವುದರಲ್ಲೇ ಆ ದಿನ ಕಳೆಯಿತು. ಗಾಡಿ ಒಂದು ಮಾರೂ ಚಲಿಸಲಿಲ್ಲ. ಮಾರನೇ ದಿನ ಗಾರೆಯವರನ್ನು ಕರೆಸಿ, ನಮ್ಮ ಮನೆಯ ಮೆಟ್ಟಿಲು ಒಡೆಸಿ, ಸಿಮೆಂಟಿನ ಇಳಿಜಾರು ಹಾಕಿಸಿದೆ. ಎದುರು ಮನೆಯವರಿಗಿಂತ ಮುಂದಿದ್ದ ನಮ್ಮ ಮೆಟ್ಟಿಲು ಹೋಯಿತಲ್ಲ ಎಂದು ಒಳಗೊಳಗೇ ಕಸಿವಿಸಿಯಾಯಿತು ಎನ್ನುವುದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ.

ಆ ಗಾಡಿಯ ಜೊತೆ ನಡೆಯುವುದು ಹೇಗೆ ಎನ್ನುವುದೇ ಒಂದು ದೊಡ್ಡ ವಿದ್ಯೆ. ಪಕ್ಕದಲ್ಲಿ ನಡೆದರೆ ಇಬ್ಬರೂ ಸೇರಿ ಇಡೀ ರಸ್ತೆ ಮುಚ್ಚುತ್ತೇವೆ. ಮುಂದೆ ನಡೆದರೆ ಬೆನ್ನ ಹಿಂದೆಯೇ ಪೀಂ ಪೀಂ. ಹಿಂದೆ ನಡೆದರೆ ಹಸುವಿನ ಹಿಂದೆ ಹೊರಟ ಕರುವಿನ ಹಾಗೆ ಕಾಣುತ್ತೇನೆ. ಮದುವೆಯಾದಾಗಿನಿಂದ ನಾನು ಮುಂದೆ, ಆಕೆ ಹಿಂದೆ ನಡೆದು ರೂಢಿ. ಈಗ ಈ ವಯಸ್ಸಿನಲ್ಲಿ ಹಿಂದೆ ನಡೆಯಲು ಕಲಿಯಬೇಕಾಯಿತು. ಕಂಡವರೆಲ್ಲ ತಡೆದು ನಿಲ್ಲಿಸುವವರೇ. ಒಬ್ಬ, “ಮೈಲೇಜ್ ಎಷ್ಟು ಕೊಡ್ತದೆ ಮಾದೇವಣ್ಣ?” ಇನ್ನೊಬ್ಬ, “ಗೇರ್ ಐತಾ?” ಮತ್ತೊಬ್ಬ, “ಮಂಗಳಕ್ಕ, ಹೆಲ್ಮೆಟ್ ಹಾಕ್ಕಳ್ಳಿ, ಹಿಡಿದುಬುಟ್ಟಾರು!” ಗಾಡಿಯನ್ನು ತಡೆದು ನಿಲ್ಲಿಸಿ, ಹೋಗಬೇಕಾದ ದಾರಿಯೊಂದನ್ನು ಬಿಟ್ಟು ಮಿಕ್ಕೆಲ್ಲ ವಿಚಾರಿಸಿದರು. ನಾನು ಮಾತ್ರ ಪೊಲೀಸಿನವನಂತೆ ಕೈಯಾಡಿಸುತ್ತ, “ಏಯ್, ಬೈಕ್ ತೆಗೀಲಾ! ದಾರಿ ಬುಡ್ರಪ್ಪ!” ಎಂದು ಬೀದಿಯುದ್ದಕ್ಕೂ ಕೂಗುವುದನ್ನು ರೂಢಿ ಮಾಡಿಕೊಂಡೆ. ಈ ಅಧಿಕಾರ ನನಗೆ ಬಹಳ ಹಿಡಿಸಿತು.

ಬೀದಿಯ ತುದಿಯಲ್ಲಿ ನಮಗೊಂದು ಗಂಡಾಂತರವಿತ್ತು. ನೀರಿನ ಪೈಪಿಗೆಂದು ಯಾರೋ ರಸ್ತೆಗೆ ಅಡ್ಡಲಾಗಿ ಅಗೆದು, ಮುಚ್ಚಿದ ಶಾಸ್ತ್ರ ಮಾಡಿ ಹೋಗಿದ್ದರು. ಒಂದು ಮಳೆಗೆ ಅದು ಕೆಸರಿನ ಕಾಲುವೆಯಾಯಿತು. ಮಂಗಳ ಅದರ ದಡದವರೆಗೆ ಹೋಗಿ, ನೋಡಿ, ವಾಪಸು ಬರುತ್ತಿದ್ದಳು. ಸಂತೆ ಆಚೆಗಿತ್ತು. ಆ ಕಾಲುವೆಯ ಪಕ್ಕದ ಮನೆ ರುದ್ರಣ್ಣನದು. ತೋಟವಂತ, ಹೃದಯವಂತ, ಮಾತಿಗೆ ಮುಂಚೆ ಕೈ ಮುಂದೆ ಮಾಡುವವನು. ಅವನ ಮನೆಯ ಮುಂದೆ ಅವರಪ್ಪನ ಕಾಲದ ಅಗಲವಾದ ಒಂದು ಕಲ್ಲು ಚಪ್ಪಡಿ. ಅಂಗಡಿ ಬಾಗಿಲು ಹಾಕಿದ ಮೇಲೆ ನಾನೂ ಅವನೂ ಅದರ ಮೇಲೆ ಕೂತು ಹರಟೆ ಹೊಡೆಯದ ಸಂಜೆಯಿಲ್ಲ. ಅದರ ಪಕ್ಕದಲ್ಲೇ, ಅಟ್ಟದಿಂದ ಇಳಿಸಿ ಸುಲಿಸಿದ ಕಾಯಿಯ ಸಿಪ್ಪೆ ಆಳೆತ್ತರ ಬಿದ್ದಿತ್ತು.

ಈಗ ನಮ್ಮ ಜನಕ್ಕೂ ತೆಂಗಿನ ಸಿಪ್ಪೆಗೂ ಇರುವ ಸಂಬಂಧವನ್ನು ಹೇಳಬೇಕು. ನೀರೊಲೆಗೆ ಸಿಪ್ಪೆ, ಪಾತ್ರೆ ತಿಕ್ಕಲು ಸಿಪ್ಪೆ, ಸೊಳ್ಳೆಗೆ ಸಿಪ್ಪೆಯ ಹೊಗೆ, ಮರದ ಬುಡ ತಂಪಾಗಿರಲು ಸಿಪ್ಪೆ, ಬಾಗಿಲು ಬಡಿದುಕೊಂಡರೆ ಸಂದಿಗೆ ಸಿಪ್ಪೆ. ಜೀವನದಲ್ಲಿ ಎಂಥ ಕಷ್ಟ ಬಂದರೂ ಅದಕ್ಕೆ ಮೊದಲು ಸಿಪ್ಪೆ ಹಾಕಿ ನೋಡಬೇಕು, ಆಮೇಲೆ ಉಳಿದ ಯೋಚನೆ. ಆದ್ದರಿಂದ ಮುಂದಿನ ಸಂತೆಯ ದಿನ ಮಂಗಳ ಕೆಸರಿನ ಮುಂದೆ ನಿಂತದ್ದನ್ನು ನೋಡಿ ರುದ್ರಣ್ಣ, “ಯೋಚ್ನೆ ಮಾಡಬ್ಯಾಡಿ ಕಣಕ್ಕ, ಈಗ ನೋಡಿ” ಎಂದು ಮಂಕರಿ ಮಂಕರಿ ಸಿಪ್ಪೆ ತಂದು ಸುರಿದ. ನಾನೂ ಪಂಚೆ ಎತ್ತಿ ಕಟ್ಟಿ ತುಳಿದು ತುಳಿದು ಮಟ್ಟ ಮಾಡಿದೆ. ಕೆಸರು ಕಾಣದಂತಾಯಿತು. ಹಾಸಿಗೆಯಂಥ ದಾರಿ. ನಮ್ಮ ಕೆಲಸಕ್ಕೆ ನಾವೇ ಮೆಚ್ಚಿ ಸೊಂಟದ ಮೇಲೆ ಕೈಯಿಟ್ಟು ನಿಂತೆವು.

ಮಂಗಳ ಗಾಡಿ ಬಿಟ್ಟಳು. ಸರಿಯಾಗಿ ನಡುಮಧ್ಯಕ್ಕೆ ಹೋದದ್ದೇ ತಡ, ಗುಂಯ್ ಎಂದು ಒಮ್ಮೆ ನರಳಿ ಗಾಡಿ ನಿಂತಿತು. ಬಗ್ಗಿ ನೋಡಿದರೆ, ಅಯ್ಯೋ ಶಿವನೇ, ಸಿಪ್ಪೆಯ ನಾರೆಲ್ಲ ಎದ್ದು ಹಿಂದಿನ ಚಕ್ರದ ಅಚ್ಚಿಗೆ ಸುತ್ತಿಕೊಂಡು ಬಿಗಿದಿದೆ! ಕೆಸರಾಗಿದ್ದರೆ ಹಿಂದಕ್ಕಾದರೂ ಬರಬಹುದಿತ್ತು. ನಮ್ಮ ಉಪಕಾರದಿಂದ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಒಂದು ಕಡೆ ಹಾಲಿನ ಟೆಂಪೊ, ಇನ್ನೊಂದು ಕಡೆ ಎರಡು ಆಟೋ, ಸಂತೆಗೆ ಹೊರಟ ಮೇಕೆಗಳು. ಜನ ಸೇರಿದ ಮೇಲೆ ಸಲಹೆಗೆ ಬರವೇ? “ಹಿಡೀರ್ಲಾ ನಾಕು ಜನ, ಅಕ್ಕನ್ನ ಕುರ್ಚಿ ಸಮೇತ ಎತ್ತಿ ಆಚೆಗಿಡಾಣ” ಎಂದು ನಾಲ್ಕು ಮಂದಿ ತೋಳು ಮಡಿಸಿದರು. ನಾನೂ ಹೂಂ ಎಂದೆ.

“ಯಾರೂ ಮುಟ್ಟಬ್ಯಾಡಿ” ಎಂದಳು ಮಂಗಳ. ದನಿ ಜೋರಾಗಿರಲಿಲ್ಲ, ಆದರೆ ಟೆಂಪೊ ಡ್ರೈವರನೂ ಹಾರ್ನ್ ನಿಲ್ಲಿಸಿದ. “ನಾಕು ಜನ ಸೇರ್ಕಂಡು ಎತ್ತೋದು ಮನುಷ್ಯರನ್ನ ಒಂದೇ ಸಲ ಕಣ್ರಪ್ಪ. ನಂಗಿನ್ನೂ ಆ ದಿನ ಬಂದಿಲ್ಲ. ಸಂತೆಗೆ ಹೊರಟಿದ್ದೀನಿ, ನಾನೇ ಹೋಗ್ತೀನಿ.” ನಾಲ್ಕು ಮಂದಿಯೂ ಮಡಿಸಿದ ತೋಳು ಇಳಿಸಿಕೊಂಡರು. ಆಕೆಯೇ ಮತ್ತೆ, “ರುದ್ರಣ್ಣ, ಅದನ್ನ ಕುಯ್ಯಬ್ಯಾಡ, ತುಂಡು ಒಳಗೇ ಉಳೀತದೆ. ಹಗ್ಗದ ಹುರಿ ಬಿಚ್ಚಂಗೆ ಚಕ್ರಾನ ಹಿಂದಕ್ಕೆ ತಿರುಗುಸ್ತಾ ಹೋಗು, ನಾನು ಬ್ರೇಕಿನ ಲಿವರ್ ಬುಡ್ತೀನಿ. ನೀವ್ಯಾಕ್ರೀ ಹಂಗೆ ನಿಂತಿದ್ದೀರಿ, ತುದಿ ಹಿಡ್ಕಂಡು ಎಳೀರಿ” ಎಂದಳು. ರುದ್ರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಕೆಸರಿನಲ್ಲಿ ಅಂಗಾತ ಮಲಗಿ ಚಕ್ರ ತಿರುಗಿಸಿದ. ನಾನು ಎಳೆದೆ. ಡ್ರೈವರನೂ ಎಳೆದ. ಎಳೆದಷ್ಟೂ ನಾರು! ಕೊನೆಗೊಮ್ಮೆ ಚಕ್ರ ಸಡಿಲವಾಯಿತು. ಆದರೆ ಮುಂದೆ ಇನ್ನೂ ಸಿಪ್ಪೆಯೇ ಇತ್ತಲ್ಲ.

ಆಗ ರುದ್ರಣ್ಣ ಕೆಸರುಮೈಯಲ್ಲೇ ಎದ್ದು, ಆ ನಾಲ್ಕು ಮಂದಿಯನ್ನು ಕರೆದ. “ಅಕ್ಕನ್ನ ಎತ್ತಬ್ಯಾಡಿ, ಇದನ್ನ ಎತ್ತಿ ಬನ್ರಲಾ” ಎಂದು ತನ್ನ ಮನೆ ಮುಂದಿನ ಚಪ್ಪಡಿಯನ್ನು ತೋರಿಸಿದ. “ರುದ್ರಣ್ಣ, ನಿಮ್ಮಪ್ಪನ ಕಲ್ಲು ಕಣಪ್ಪ” ಎಂದೆ. ನಿಜ ಹೇಳಬೇಕೆಂದರೆ ಅವರಪ್ಪನಿಗಿಂತ ನನ್ನ ಸಂಜೆಗಳ ಚಿಂತೆಯೇ ಹೆಚ್ಚಾಗಿತ್ತು. “ಕೂತಿದ್ದು ಸಾಕು ಬುಡಣ್ಣ. ಅಕ್ಕ ಓಡಾಡ್ಲಿ” ಎಂದ. ಸಿಪ್ಪೆ ಬಾಚಿ ತೆಗೆದು ಕೆಸರಿಗೆ ಅಡ್ಡಲಾಗಿ ಚಪ್ಪಡಿ ಹಾಸಿದರು. ಮಂಗಳ ಅದರ ಮೇಲೆ ಗಾಡಿ ಹತ್ತಿಸಿ, ಆಚೆ ಇಳಿಸಿ, ತಿರುಗಿ ಒಮ್ಮೆ ರುದ್ರಣ್ಣನಿಗೆ ಕೈಮುಗಿದಳು. ಪೀಂ ಎಂದಳು. ಮೇಕೆಗಳು ಕೂಡ ದಾರಿ ಬಿಟ್ಟವು.

ಸಂತೆಯಲ್ಲಿ ಗಿರಿಜಮ್ಮ ತಕ್ಕಡಿ ಕೆಳಗಿಟ್ಟು ಓಡಿ ಬಂದಳು. “ಅಯ್ಯೋ ನನ್ನವ್ವಾ, ಬಂದ್ಯಾ! ನಿಮ್ ಯಜಮಾನ್ರಿಗೆ ಬದ್ನೆಕಾಯಿ ಕೊಟ್ಟೂ ಕೊಟ್ಟೂ ನಂಗೇ ಪಾಪ ಅನ್ನಿಸ್ಬುಟ್ಟಿತ್ತು ಕಣವ್ವ” ಎಂದು ನನ್ನೆದುರಿಗೇ ಕಣ್ಣೀರು ಒರೆಸಿಕೊಂಡಳು. ಮಂಗಳ ನಗುತ್ತ ನಗುತ್ತ ಒಂದೊಂದೇ ಕಾಯಿ ಮುಟ್ಟಿ ಆರಿಸಿದಳು. ಎರಡು ವರ್ಷದ ನಂತರ ಆಕೆ ಹಾಗೆ ನಕ್ಕದ್ದು. ವ್ಯಾಪಾರದವರು ಗಾಡಿಗೆ ಜಾಗ ಬಿಡಲು ಮೊದಲ ದಿನ ಗೊಣಗಿದರು, ಆಮೇಲೆ ತಮ್ಮ ಗೋಣಿತಾಟುಗಳನ್ನು ಒಂದೊಂದು ಮೊಳ ಒಳಕ್ಕೆ ಎಳೆದುಕೊಂಡರು. ಈಗ ಕಂಕುಳಲ್ಲಿ ಕೂಸಿರುವ ಹೆಂಗಸರು, ತಲೆಯ ಮೇಲೆ ಮೂಟೆ ಹೊತ್ತವರು, ಕೋಲೂರುವ ಮುದುಕರು ಎಲ್ಲರೂ “ಮಂಗಳಕ್ಕನ ಹಿಂದೆ ಹೋದ್ರೆ ಸಲೀಸು” ಎಂದು ಆ ಗಾಡಿಯ ಹಿಂದೆಯೇ ಸಾಲಾಗಿ ಹೋಗುತ್ತಾರೆ. ಬೀದಿಯಲ್ಲೂ ಅಷ್ಟೇ, ಒಬ್ಬರು ಮರಳು ಸರಿಸಿದರು, ಒಬ್ಬರು ಎಮ್ಮೆಯನ್ನು ಹಿತ್ತಲಿಗೆ ಕಟ್ಟಿದರು, ರಂಗೋಲಿ ಕೂಡ ಬಾಗಿಲ ಹತ್ತಿರಕ್ಕೆ ಸರಿಯಿತು. ಯಾರಿಗೂ ಯಾರೂ ಅರ್ಜಿ ಕೊಡಲಿಲ್ಲ. ಈ ಜನರ ಋಣ ನಾನು ಹೇಗೆ ತೀರಿಸಲಿ? ಅಂಗಡಿಗೆ ಬಂದರೆ ಒಂದೊಂದು ಲೋಟ ಕೊಡೋಣವೆಂದರೆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಲೋಟಗಳಿವೆ.

ಮೊನ್ನೆ ಸಂತೆಯ ದಿನ ನಾನು ಚೀಲ ಹಿಡಿದು ತಯಾರಾದೆ. ಮಂಗಳ ಚೀಲವನ್ನು ಇಸಿದುಕೊಂಡು ಬುಟ್ಟಿಗೆ ಹಾಕಿದಳು. “ನೀವು ಯಾಕ್ರೀ? ಮನೇಲಿರಿ. ನಿಮ್ಮನ್ನ ಕಾಯ್ಕಂಡು ಹೋಗದ್ರೊಳಗೆ ಸಂತೆನೇ ಮುಗಿದೋಯ್ತದೆ. ಹೋಗ್ಬುಟ್ಟು ಬತ್ತೀನಿ” ಎಂದು ಹೊರಟೇ ಹೋದಳು. ಕಿಟಕಿಯ ಪಕ್ಕ ಕೂತು ನೋಡಿದೆ. ಅಲ್ಲಿಂದ ಬೀದಿಯ ತುದಿ ಕಾಣುವುದಿಲ್ಲ. ಎರಡು ವರ್ಷ ಅವಳು ಇಲ್ಲಿ ಏನು ನೋಡುತ್ತಿದ್ದಳೋ! ಹೊರಗೆ ಬಂದೆ. ಕೂರಲು ಚಪ್ಪಡಿಯಿಲ್ಲ. ಬಾಗಿಲ ಮುಂದೆಯೇ ಕುಕ್ಕರುಬಡಿದೆ. ಅಷ್ಟರಲ್ಲಿ ಬೈಕೊಂದು ಓರೆಯಾಗಿ ನಿಂತಿದ್ದು ಕಾಣಿಸಿ, ಕೂತಲ್ಲಿಂದಲೇ, “ಏಯ್, ತೆಗೀಲಾ ಅದನ್ನ! ಮಂಗಳಕ್ಕ ಬರೋ ಹೊತ್ತಾಯ್ತು, ದಾರಿ ಬುಡೋದು ಯಾವತ್ತು ಕಲಿಯಾದು ನೀವು?” ಎಂದು ಗದರಿದೆ. ಬೈಕಿನವನು ಪಾಪ, ತೆಗೆದುಕೊಂಡು ಹೋದ. ನಾನು ಗೆದ್ದವನಂತೆ ಕಾಲು ಚಾಚಿದೆ.

ಪೀಂ ಪೀಂ.

ತಿರುಗಿ ನೋಡಿದರೆ ಮಂಗಳ. ಬುಟ್ಟಿಯ ತುಂಬ ಮಿರುಗುವ ಬದನೆಕಾಯಿ. ಹಿಂದೆ ರುದ್ರಣ್ಣ, ಅವನ ಹಿಂದೆ ಬೀದಿಯ ನಾಲ್ಕಾರು ಜನ. ಇಡೀ ಬೀದಿ ಬಟಾಬಯಲಾಗಿ ದಾರಿ ಬಿಟ್ಟಿತ್ತು. ಅಡ್ಡ ಕೂತಿದ್ದವನು ಒಬ್ಬನೇ, ಆಕೆಯ ಸಿಮೆಂಟಿನ ಇಳಿಜಾರಿನ ನಟ್ಟನಡುವೆ, ಕಾಲು ಚಾಚಿಕೊಂಡು.

“ಹೇಳೋದು ಶಾಸ್ತ್ರ” ಎಂದಳು ಮಂಗಳ, ಬುಟ್ಟಿಯ ಕಡೆ ನೋಡಿ ನಗುತ್ತ. “ಏಳ್ರೀ, ದಾರಿ ಬುಡಿ.”