ಅತ್ತೆ ವಾಡಿ ದಾಟಿದ್ದು

ಸೇಡಂನ ಗುಮಾಸ್ತ ಲಕ್ಷ್ಮಿಕಾಂತ ಆ ಭಾನುವಾರ ಹಲ್ಲುಜ್ಜುವ ಮೊದಲೇ ಘೋರ ಪ್ರತಿಜ್ಞೆ ಮಾಡಿದ: ಇನ್ನು ಫ್ರೇಸಲ್ ವರ್ಬ್ ಇಲ್ಲದ ಇಂಗ್ಲಿಷು ತನ್ನಿಂದ ಹೊರಡದು! ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿದ್ದೇ ತಡ, ಪಂಡಿತನಾಗಿಬಿಟ್ಟಿದ್ದ.

"ಬರೀ ಕ್ರಿಯಾಪದ ಅಂದ್ರ ಉಪ್ಪಿಲ್ಲದ ಪಲ್ಯ ಇದ್ದಂಗ. ಹಿಂದ ಒಂದು ಅಪ್, ಔಟ್, ಅವೇ ಹಚ್ಚಬೇಕು. ಗೋ ಅವೇ, ದೂರ ಹೋಗು! ಗೆಟ್ ಔಟ್, ಹೊರಗ ನಡಿ!"

ಹೆಂಡತಿ ಉಮಾದೇವಿ ರೊಟ್ಟಿ ಬಡಿಯುತ್ತಲೇ ಅಂದಳು: "ಎರಡೂ ನಿಮಗ ಭಾಳ ಒಪ್ತಾವ. ಅವ್ವ ಶಹಾಬಾದಿನಿಂದ ರೈಲಿನಾಗ ಬರ್ಲಿಕತ್ತಾಳ. ಕರಕೊಂಡು ಬರ್ಲಿಕ್ಕಿ ನಡೀರಿ."

ಅಷ್ಟರಲ್ಲಿ ಅತ್ತೆ ಅಮೃತಮ್ಮನ ಫೋನು: "ವಾಡಿ ಸ್ಟೇಷನ್ ದಾಟೀನ್ರಿ."

ಹೆಂಡತಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಪಾಂಡಿತ್ಯ ಸುಮ್ಮನಿದ್ದೀತೆ? ದಾಟುವುದು ಪಾಸ್, ದೂರ ಅವೇ! ನೆಂಟರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಇಂಗ್ಲಿಷಿನಲ್ಲಿ ಒಗೆದ: "ಮದರ್ ಇನ್ ಲಾ ಪಾಸ್ಡ್ ಅವೇ ಅಟ್ ವಾಡಿ."

ಕೈಮುಗಿದ ಚಿತ್ರಗಳು ಸುರಿದವು. ಎಂಥ ಗೌರವ! ಮಳಖೇಡದ ಷಡ್ಡಕ ಶರಣಬಸಪ್ಪ "ಲೇಟ್ ಅಮೃತಮ್ಮ" ಎಂದು ಬರೆದ. "ನಾಟ್ ಲೇಟ್. ರೈಟ್ ಟೈಮ್," ಎಂದು ತಿದ್ದಿ, ಫೋನನ್ನು ಚಾರ್ಜಿಗೆ ಹಚ್ಚಿ, ಲಕ್ಷ್ಮಿಕಾಂತ ಮೀಸೆ ತಿರುವುತ್ತ ಸ್ಟೇಷನ್ನಿಗೆ ಹೊರಟ.

ಆ ರೈಟ್ ಟೈಮಿನ ರೈಲು ಚಿತ್ತಾಪುರದಾಚೆ ಸಿಗ್ನಲ್ಲಿಗಾಗಿ ತಪಸ್ಸಿಗೆ ಕೂತಿತು. ಅತ್ತೆ ಅಳಿಯ ಮನೆ ಮುಟ್ಟುವ ಹೊತ್ತಿಗೆ ಅಂಗಳದ ತುಂಬ ಜನ! ಉಮಾದೇವಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಒಳಗೆ ರೊಟ್ಟಿ ಹೊತ್ತಿ ಕರಕಲಾಗಿತ್ತು. ಅಮೃತಮ್ಮನ ಜೊತೆ ಮಾತು ಬಿಟ್ಟಿದ್ದ ಅವಳ ತಮ್ಮ ನರಸಪ್ಪ ಕೂಡ ಚಿತ್ತಾಪುರದಿಂದ ಬೈಕ್ ಹತ್ತಿ, ಆಳುದ್ದದ ಹಾರ ಹಿಡಿದು ಬಂದಿದ್ದ.

ಅಮೃತಮ್ಮ ಆಟೋದಿಂದ ಇಳಿದವಳೇ ಗಂಟಲು ಬಿಚ್ಚಿದಳು: "ಅಯ್ಯಯ್ಯೋ, ಯಾರು ಹೋದ್ರವ್ವಾ!"

ನರಸಪ್ಪನ ಕೈಯಿಂದ ಹಾರ ಜಾರಿತು. "ಅಕ್ಕಾ... ನೀನೇ!"

ಲಕ್ಷ್ಮಿಕಾಂತ ತೊದಲಿದ: "ಪಾಸ್ಡ್ ಅಂದ್ರ ದಾಟಿದ್ರು... ಅವೇ ಅಂದ್ರ ದೂರ..."

"ದೂರ ಅಂದ್ರ ಎಷ್ಟು ದೂರ?" ಉಮಾದೇವಿ ಸೆರಗಿನಿಂದ ಮೂಗೊರಸಿ ಎದ್ದಳು. "ಸೇಡಂಕ ಬರೋ ನಮ್ಮವ್ವಗ ಕೈಲಾಸದ ಟಿಕೇಟ ತಗಸೀರಲ್ಲ!"

ಅಮೃತಮ್ಮ ಮಾತ್ರ ಬೈಯಲಿಲ್ಲ. ಅಳುತ್ತಿದ್ದ ತಮ್ಮನ ತಲೆ ನೇವರಿಸಿ, ಅಳಿಯನತ್ತ ತಿರುಗಿದಳು.

"ಅಳಿಯಂದ್ರೇ, ನಾ ಖರೇನೇ ಹೋದ ದಿನ ಕನ್ನಡದಾಗ ಬರೀರಿ. ಇಂಗ್ಲಿಷಿನಾಗ ಬರದ್ರ ಮಣ್ಣಿಗಿ ಒಬ್ರೂ ಬರಂಗಿಲ್ಲ. ಮುದುಕಿ ಎಲ್ಲೋ ರೈಲಿನಾಗ ಹೊಂಟಾಳ ಅಂತ ತಿಳೀತಾರ!"